ಬಿಯರ್ ಆಗದ ರಾಗಿ

ಬಿಯರ್ ಇಲ್ಲದೆ ಹೋಗಿದ್ದರೆ ಮನುಷ್ಯನ ಚರಿತ್ರೆ ಹೇಗಿರುತ್ತಿತ್ತು? ಜಗತ್ತಿನ ಪಂಡಿತರು ಎಪ್ಪತ್ತು ವರ್ಷಗಳಿಂದ ಕೇಳುತ್ತಿರುವ ಈ ಪ್ರಶ್ನೆಗೆ ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳಲ್ಲಿ, ಈಚಲು ತೋಪುಗಳಲ್ಲಿ, ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಒಂದು ಉತ್ತರವಿದೆ.

ರಾತ್ರಿಯಿಡೀ ನೆನೆದ ರಾಗಿಯನ್ನು ಬೆಳಿಗ್ಗೆ ಬಸಿದು, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಅಡುಗೆಮನೆಯ ಗೂಟಕ್ಕೆ ನೇತುಹಾಕುತ್ತಿದ್ದರು ನಮ್ಮಜ್ಜಿ. ಮಾರನೆಯ ದಿನ ಗಂಟು ಬಿಚ್ಚುವಾಗ ನನ್ನನ್ನು ಕರೆಯುತ್ತಿದ್ದರು. "ಮೊಳ್ಕೆ ಬಂದೈತೆ ನೋಡ್ ಮಗ." ಸಾಸಿವೆಗಿಂತ ಸಣ್ಣ ಕೆಂಪು ಕಾಳುಗಳ ಮೂತಿಯಲ್ಲಿ ಬಿಳೀ ಎಳೆ. ಅದನ್ನು ನೆರಳಿನಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಹದವಾಗಿ ಹುರಿದು, ಬೀಸಿ, ತೆಳ್ಳನೆಯ ಬಟ್ಟೆಯಲ್ಲಿ ಗಾಳಿಸಿ ಡಬ್ಬಿಗೆ ತುಂಬುವ ಹೊತ್ತಿಗೆ ನಾಲ್ಕು ದಿನ ಕಳೆದಿರುತ್ತಿತ್ತು. ಮನೆಯಲ್ಲಿ ಮಗುವೊಂದಕ್ಕೆ ಆರು ತಿಂಗಳು ತುಂಬಿದೆ, ಇನ್ನು ರಾಗಿ ಸರಿ ಶುರು ಎಂದು ಅದರ ಅರ್ಥ.

ಪೂರ್ವ ಉಗಾಂಡಾದ ತೇಸೊ ಸೀಮೆಯ ಹೆಂಗಸೊಬ್ಬಳು ಇದೇ ರಾಗಿಯನ್ನು ಹೀಗೇ ನೆನೆಸುತ್ತಾಳೆ, ಹೀಗೇ ಮೊಳಕೆ ಬರಿಸುತ್ತಾಳೆ, ಹೀಗೇ ಒಣಗಿಸಿ ಬೀಸುತ್ತಾಳೆ. ಅಲ್ಲಿಯವರೆಗೆ ಇಬ್ಬರದೂ ಒಂದೇ ದಾರಿ. ಆಮೇಲೆ ಆಕೆ ಆ ಹಿಟ್ಟನ್ನು, ಹುದುಗಿಸಿ ಹುರಿದ ರಾಗಿ ಹಿಟ್ಟಿನ ಜತೆ ನೀರಿನಲ್ಲಿ ಕಲಸಿ ಗಡಿಗೆಯಲ್ಲಿ ಬಿಡುತ್ತಾಳೆ. ಕೆಲವು ದಿನ ಕಳೆದರೆ ಅದು ಅಜೊನ್ ಆಗುತ್ತದೆ. ಊರಿನವರು ಗಡಿಗೆಯ ಸುತ್ತ ಕೂತು, ಮೇಲಿಂದ ಬಿಸಿನೀರು ಹೊಯ್ದುಕೊಳ್ಳುತ್ತಾ, ಉದ್ದನೆಯ ಕೊಳವೆಗಳಲ್ಲಿ ಹೀರುತ್ತಾರೆ. ಸಿಕ್ಕಿಂನಲ್ಲಿಯೂ ರಾಗಿಯನ್ನು ಹುಳಿಬರಿಸಿ ಬಿದಿರಿನ ಪಾತ್ರೆಗೆ ತುಂಬಿ, ಬಿಸಿನೀರು ಹಾಕಿ, ಬಿದಿರಿನ ಕೊಳವೆಯಲ್ಲಿ ಹೀರುವ ಪದ್ಧತಿಯಿದೆ. ಅವರ ತೊಂಗ್ಬಾ ಅದು.

ಮೊಳಕೆಯೊಡೆದ ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕಿರುಧಾನ್ಯಗಳಲ್ಲಿ ಈ ಶಕ್ತಿ ರಾಗಿಗೆ ಚೆನ್ನಾಗಿದೆ. ಆ ಕಿಣ್ವದಿಂದ ಗಂಜಿ ತೆಳುವಾಗಿ ಎಳೆಯ ಮಗುವಿನ ಹೊಟ್ಟೆಗೆ ಒಗ್ಗುತ್ತದೆ. ಅದೇ ಕಿಣ್ವ ಒಡೆದ ಸಕ್ಕರೆಯನ್ನು ಯೀಸ್ಟಿಗೆ ಕೊಟ್ಟರೆ ಬಿಯರ್. ಆಫ್ರಿಕದ ಎತ್ತರದ ಸೀಮೆಯಲ್ಲಿ, ಇಥಿಯೋಪಿಯಾ–ಉಗಾಂಡಾ ಕಡೆ, ಮನುಷ್ಯನ ಕೈಗೆ ಪಳಗಿದ ರಾಗಿ ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ನಮ್ಮ ಕಡೆ ಬಂತು. ಬರುವಾಗ ಗಡಿಗೆ, ಕೊಳವೆಗಳನ್ನು ತರಲಿಲ್ಲ. ಮಂಡ್ಯ ಸೀಮೆಯಲ್ಲಿ ಅದು ಹಿಟ್ಟಾಯಿತು, ಅಂಬಲಿಯಾಯಿತು, ಹುರಿಹಿಟ್ಟಾಯಿತು, ಮಗುವಿನ ಸರಿಯಾಯಿತು, ಬಿಯರ್ ಆಗಲಿಲ್ಲ. ನಮ್ಮ ಕಡೆ ಮುದ್ದೆಯ ಹೆಸರೇ ಹಿಟ್ಟು. "ಹಿಟ್ಟುಂಡ್ರಾ?" ಎಂದು ಕೇಳಿದರೆ ಊಟ ಆಯಿತೇ ಎಂದು ಕೇಳಿದ ಹಾಗೆ.

ಬಿಯರ್ ಇಲ್ಲದ ಚರಿತ್ರೆಯನ್ನು ಊಹಿಸಬೇಕಾದವರು ಮೊದಲು ಈ ಕಾಳನ್ನು ಕೈಗೆತ್ತಿಕೊಳ್ಳಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ.

ರೊಟ್ಟಿಯೋ ಬಿಯರೋ

ಪ್ರಶ್ನೆ ಹುಟ್ಟಿದ್ದು 1950ರ ದಶಕದ ಅಮೆರಿಕದಲ್ಲಿ. ಮನುಷ್ಯ ಅಲೆದಾಟ ಬಿಟ್ಟು ಒಂದು ಕಡೆ ನಿಂತು ಬಾರ್ಲಿ ಬಿತ್ತಿದ್ದು ರೊಟ್ಟಿಗಾಗಿ ಎಂದೇ ಎಲ್ಲರೂ ನಂಬಿದ್ದರು. ಸಸ್ಯವಿಜ್ಞಾನಿ ಜೊನಾಥನ್ ಸಾವರ್, ಅದು ಬಿಯರಿಗಾಗಿಯೂ ಇರಬಹುದಲ್ಲವೇ ಎಂದರು. ಪುರಾತತ್ವಜ್ಞ ರಾಬರ್ಟ್ ಬ್ರೈಡ್‌ವುಡ್ 1953ರಲ್ಲಿ ಇದನ್ನೇ ಚರ್ಚೆಗೆ ತಂದರು. ಇಸ್ರೇಲಿನ ರಕೆಫೆತ್ ಗುಹೆಯ ಕಲ್ಲಿನ ಒರಳುಗಳಲ್ಲಿ ಸುಮಾರು 13,000 ವರ್ಷ ಹಿಂದೆ ಕಾಳನ್ನು ಹುದುಗಿಸಿದ ಗುರುತುಗಳಿವೆ ಎಂಬ ಸಂಶೋಧನೆ 2018ರಲ್ಲಿ ಬಂದ ಮೇಲೆ ಆ ವಾದಕ್ಕೆ ಬಲ ಬಂತು. ಗುಹೆಯ ಆ ಜನ ಇನ್ನೂ ಬೇಸಾಯ ಕಂಡವರಲ್ಲ.

ಮೆಸೊಪೊಟೇಮಿಯದ ಜೇಡಿಮಣ್ಣಿನ ಹಲಗೆಗಳಲ್ಲಿ ಕೂಲಿಯವರಿಗೆ ಅಳೆದುಕೊಟ್ಟ ಬಿಯರಿನ ಲೆಕ್ಕವಿದೆ. ಲೆಕ್ಕ ಇಡುವ ಅಗತ್ಯದಿಂದ ಬರಹ ಬೆಳೆಯಿತು ಎನ್ನುವವರಿಗೆ ಇದೊಂದು ದೊಡ್ಡ ಸಾಕ್ಷಿ. ಹಮ್ಮುರಾಬಿಯ ಶಾಸನದಲ್ಲಿ ಹೆಂಡದಂಗಡಿಯ ಒಡತಿಗೆ ಕಟ್ಟಳೆಗಳಿವೆ. ಗೀಜಾದ ಪಿರಮಿಡ್ ಕಟ್ಟಿದ ಕೆಲಸಗಾರರಿಗೆ ಸಿಗುತ್ತಿದ್ದುದು ರೊಟ್ಟಿ ಮತ್ತು ಬಿಯರ್. ಹಾಗಾಗಿ ಬಿಯರ್ ಇಲ್ಲದಿದ್ದರೆ ಊರಿಲ್ಲ, ಬರಹವಿಲ್ಲ, ಪಿರಮಿಡ್ಡಿಲ್ಲ ಎನ್ನುವವರಿದ್ದಾರೆ.

ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ಪೂರ್ವ ಆಫ್ರಿಕದ ಹಲವು ಕಡೆ ಹೊಲದ ಕೆಲಸಕ್ಕೆ ಊರವರನ್ನು ಕರೆದರೆ ಸಂಜೆ ಬಿಯರಿನ ಗಡಿಗೆ ಇಡಬೇಕು. ಅದೇ ಕೂಲಿ, ಅದೇ ಮರ್ಯಾದೆ. ನಮ್ಮಲ್ಲಿ ಆ ಕೆಲಸವನ್ನು ಮುಯ್ಯಾಳು ಮಾಡಿತು. ಇವತ್ತು ನಿಮ್ಮ ಹೊಲದ ಕಳೆಗೆ ನಮ್ಮ ಮನೆಯ ನಾಲ್ಕು ಜನ, ನಾಳಿದ್ದು ನಮ್ಮ ಕಟಾವಿಗೆ ನಿಮ್ಮ ಮನೆಯ ನಾಲ್ಕು ಜನ. ಮಧ್ಯಾಹ್ನ ಹೊಲಕ್ಕೆ ಮುದ್ದೆ, ಉಪ್ಸಾರು ಬರುತ್ತಿತ್ತು. ಕಣದಲ್ಲಿ ಆಳುಕಾಳುಗಳಿಗೆ ಸಲ್ಲುತ್ತಿದ್ದುದೂ ರಾಗಿಯೇ. ಜನರನ್ನು ಕೂಡಿಸಲು, ದುಡಿಸಲು, ಋಣ ತೀರಿಸಲು ಇಲ್ಲಿ ಅದೇ ಕಾಳು ಸಾಕಾಯಿತು, ಗಟ್ಟಿ ರೂಪದಲ್ಲಿ. ಕನಕದಾಸರು ರಾಗಿಗೆ ರಾಮಧಾನ್ಯವೆಂಬ ಹೆಸರು ಕೊಟ್ಟು ಒಂದು ಕಾವ್ಯವನ್ನೇ ಬರೆದರು. ಸುಮೇರಿನವರು ಬಿಯರಿನ ದೇವತೆ ನಿಂಕಾಸಿಗೆ ಸ್ತೋತ್ರ ಕಟ್ಟಿದರೆ, ನಾವು ಬತ್ತದೊಡನೆ ವಾದಕ್ಕೆ ನಿಂತು ಗೆದ್ದ ಬಡವರ ಕಾಳನ್ನು ಹಾಡಿದೆವು.

ಹಾಗೆಂದು ಇದು ಕುಡಿಯದವರ ನಾಡಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯದ ಮೇಲ್ವಿಚಾರಣೆಗೆಂದೇ ಸುರಾಧ್ಯಕ್ಷನಿದ್ದಾನೆ, ಅಕ್ಕಿಯಿಂದ ಮೇದಕ ಮಾಡುವ ಅಳತೆಯಿದೆ. ಕಾಳಿನಿಂದ ಮದ್ಯ ಮಾಡುವ ವಿದ್ಯೆ ಈ ದೇಶಕ್ಕೆ ಗೊತ್ತಿತ್ತು. ಆದರೂ ಮಂಡ್ಯದ ರಾಗಿ ಗಡಿಗೆಗೆ ಇಳಿಯಲಿಲ್ಲ. ಕಾರಣ ನಮ್ಮ ಹಳ್ಳಗಳ ದಡದಲ್ಲೇ ನಿಂತಿದೆ ಎಂದು ನನ್ನ ನಂಬಿಕೆ.

ಮರ ಕೊಟ್ಟ ಬಿಯರ್

ಹಳ್ಳದ ಅಂಚು, ಕೆರೆಯ ಹಿಂದಿನ ಜೌಗು, ಗೋಮಾಳದ ತಗ್ಗು, ಎಲ್ಲೆಲ್ಲಿ ತೇವ ನಿಲ್ಲುತ್ತದೋ ಅಲ್ಲೆಲ್ಲ ಈಚಲು ತಾನೇ ಹುಟ್ಟುತ್ತದೆ. ಸಂಜೆ ಮರ ಹತ್ತಿ, ತಲೆಯ ಹತ್ತಿರ ಗರಿಯ ಬುಡ ಸವರಿ, ಕೆತ್ತಿದ ಕಚ್ಚಿನ ಕೆಳಗೆ ಗಡಿಗೆ ಕಟ್ಟಿದರೆ ರಾತ್ರಿಯೆಲ್ಲ ರಸ ತೊಟ್ಟಿಕ್ಕುತ್ತದೆ. ಬೆಳಗಿನ ಜಾವ ಇಳಿಸಿದರೆ ಸಿಹಿ ನೀರಾ. ಗಡಿಗೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ಸಿಹಿಯಾಗಿಯೇ ಉಳಿದು ಬೆಲ್ಲಕ್ಕೂ ಆದೀತು. ಸುಣ್ಣ ಇಲ್ಲದಿದ್ದರೆ ಗಾಳಿಯಲ್ಲಿ, ಗಡಿಗೆಯಲ್ಲಿ ಇರುವ ಯೀಸ್ಟೇ ಕೆಲಸ ಮುಗಿಸುತ್ತದೆ. ನಮ್ಮೂರಿನ ಹಿರಿಯರೊಬ್ಬರು, ಹರೆಯದಲ್ಲಿ ಮರ ಹತ್ತಿದವರು, ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು: "ಹೊತ್ ಏರ್ದಂಗೆ ಯೆಂಡಾನೂ ಏರ್ತದೆ ಕಣಪ್ಪ."

ಕಾಳು ನೆನೆಸಬೇಕಿಲ್ಲ, ಸೌದೆ ಬೇಕಿಲ್ಲ, ವಾರ ಕಾಯಬೇಕಿಲ್ಲ. ಊಟದ ಕಾಳಿಗೆ ಕೈ ಹಾಕುವ ಪ್ರಮೇಯವೇ ಬರಲಿಲ್ಲ. ಬರ ಬಂದರೆ ಗುಡಾಣದ ರಾಗಿ, ಹಗೇವಿನ ರಾಗಿ ಜೀವ ಹಿಡಿಯುತ್ತಿತ್ತು. ಅದನ್ನು ಕುಡಿದು ಕಳೆಯುವುದು ಒಣಭೂಮಿಯ ಹೆಂಗಸು ಒಪ್ಪುವ ಮಾತಲ್ಲ. ಕುಡಿಯಲು ಮರ, ಉಣ್ಣಲು ಹೊಲ ಎಂಬ ಈ ವಿಂಗಡಣೆಯೇ ನಮ್ಮ ಸೀಮೆಯ ಚರಿತ್ರೆಯನ್ನು ಬಾರ್ಲಿ ದೇಶಗಳ ಚರಿತ್ರೆಯಿಂದ ಬೇರೆ ಮಾಡಿತು.

ಈಚಲ ಹೆಂಡದ ಅಮಲು ಬಿಯರಿನದೇ, ನೂರಕ್ಕೆ ನಾಲ್ಕೈದು ಪಾಲು. ಆದರೆ ಒಂದು ದೊಡ್ಡ ವ್ಯತ್ಯಾಸ: ಹೆಂಡಕ್ಕೆ ಒಂದು ದಿನದ ಆಯಸ್ಸು. ಸಂಜೆಗೆ ಹುಳಿ, ಮಾರನೆಯ ದಿನಕ್ಕೆ ವಿನೆಗರಿನ ದಾರಿ. ಕೂಡಿಡಲಾಗದು, ದೂರದ ಪೇಟೆಗೆ ಸಾಗಿಸಲಾಗದು. ಅದು ಹುಟ್ಟಿದ ಊರಲ್ಲೇ ಮುಗಿಯಬೇಕು. ಒಂದು ವರ್ಷ ಈ ಮಗ್ಗುಲು, ಇನ್ನೊಂದು ವರ್ಷ ಆ ಮಗ್ಗುಲು ಕೆತ್ತುವುದರಿಂದ ಹಳೇ ಈಚಲಿನ ಮೈ ಅಂಕುಡೊಂಕಾಗಿರುತ್ತದೆ. ಕಚ್ಚುಗಳನ್ನು ಎಣಿಸಿದರೆ ಆ ಮರ ಎಷ್ಟು ವರ್ಷ ಇಳಿದಿದೆ ಎಂದು ಹೇಳಬಹುದು. ನಾಲೆಯ ಏರಿಯ ಮೇಲೆ ಅಂಥ ಮರ ಕಂಡಾಗಲೆಲ್ಲ ನಾನು ನಿಂತು ಎಣಿಸುತ್ತೇನೆ. ಮೇಲಿನ ಭಾಗ ಈಗ ನೆಟ್ಟಗೆ ಬೆಳೆದಿದೆ. ಹೆಂಡ ಇಳಿಸುವುದು ನಿಂತ ವರ್ಷ ಯಾವುದೆಂದು ಮರವೇ ಬರೆದಿಟ್ಟುಕೊಂಡಿದೆ.

ಹೆಂಡವಿಲ್ಲದಿದ್ದರೆ ಕನ್ನಡಕ್ಕೆ ಏನು ನಷ್ಟವಾಗುತ್ತಿತ್ತು? ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಇರುತ್ತಿರಲಿಲ್ಲ. ಹೆಂಡ ಮಾರುವ ತನ್ನ ಕಾಯಕವನ್ನೇ ವಚನದ ರೂಪಕ ಮಾಡಿಕೊಂಡವನು ಅವನು. ಮಂಡ್ಯದ ಮಟ್ಟಿಗೆ ಇನ್ನೂ ದೊಡ್ಡ ನಷ್ಟ ಮಂಟೇಸ್ವಾಮಿಯದು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಆತನ ಗದ್ದುಗೆಯಿದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಕಾವ್ಯದಲ್ಲಿ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಹೋಗುವುದು ಸತ್ತ ಕರುವನ್ನೂ ಹೆಂಡವನ್ನೂ ಹೊತ್ತುಕೊಂಡು. ಬಾಗಿಲಲ್ಲಿ ನಿಂತವನನ್ನು ಹೊಲೆಯನೆಂದು ಅಟ್ಟುವ ಶರಣರು ಎಷ್ಟರವರು, ಒಳಗೆ ಕರೆಯುವ ಬಸವಣ್ಣ ಎಷ್ಟರವನು ಎಂಬುದನ್ನು ಅಳೆಯುವುದು ಆ ಹೆಂಡ. ಆ ಗಡಿಗೆಯ ಜಾಗದಲ್ಲಿ ಹಾಲಿನ ಚೊಂಬು ಇಟ್ಟು ನೋಡಿ: ಪರೀಕ್ಷೆಯೇ ಇಲ್ಲ, ಕಥೆಯೇ ಇಲ್ಲ. ಆತನ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಿ ಹೋಗುವ ಹಲಗೂರು ಕೂಡ ಇದೇ ತಾಲ್ಲೂಕಿನದು. ಕಥೆಯ ದಾರಿಯಲ್ಲಿ ಇವತ್ತೂ ಬಸ್ಸು ಓಡಾಡುತ್ತದೆ.

ಇತ್ತ ರಾಮನಗರದಲ್ಲಿ ಹುಟ್ಟಿದ ಜಿ.ಪಿ. ರಾಜರತ್ನಂ ಎಂಡ್ಕುಡುಕ ರತ್ನನನ್ನು ಸೃಷ್ಟಿಸಿ, ಅಲ್ಲಿಯವರೆಗೆ ಅಚ್ಚಿನ ಹಂಗಿಲ್ಲದೆ ಇದ್ದ ಈ ಸೀಮೆಯ ಮಾತಿಗೆ ಪುಸ್ತಕದ ಬಾಗಿಲು ತೆರೆದರು. ಕುಡುಕನ ಬಾಯಲ್ಲಲ್ಲದೆ ಬೇರೆ ಯಾರ ಬಾಯಲ್ಲಾದರೂ ಆ ಕಾಲದ ಸಂಭಾವಿತ ಓದುಗರು ಆ ಭಾಷೆಯನ್ನು ಸಹಿಸುತ್ತಿದ್ದರೇ? ನನಗೆ ಅನುಮಾನವಿದೆ.

ಕುಡಿತವಿಲ್ಲದ ರಾಜ್ಯ, ಒಮ್ಮೆ ಆಗಿತ್ತು

ಕುಡಿತವೇ ಇಲ್ಲದ ಚರಿತ್ರೆಯನ್ನು ಆಜ್ಞೆಯಿಂದಲೇ ತರಲು ಹೊರಟ ದೊರೆ ಇದೇ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿದ್ದ. ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ತನ್ನ ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಿದ. ಬೊಕ್ಕಸಕ್ಕೆ ನಷ್ಟವೆಂದು ಗೊತ್ತಿದ್ದೂ ಮಾಡಿದ. ಅದೇ ದೊರೆಯ ಸೈನ್ಯ 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಇಂಗ್ಲಿಷರನ್ನು ಎದುರಿಸಿತು. ಎದುರಿಗಿದ್ದವರಲ್ಲಿ ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿಯೂ ಇದ್ದ. ಕಂಪನಿಯ ಯುರೋಪಿಯನ್ ಸಿಪಾಯಿಗಳಿಗೆ ದಿನದ ಪಡಿಯ ಜತೆ ಸಾರಾಯಿಯೂ ಸಲ್ಲುತ್ತಿದ್ದ ಕಾಲ ಅದು. ಮಳವಳ್ಳಿಯಲ್ಲಿ ಟಿಪ್ಪು ಹಿಂದೆ ಸರಿದ, ಮೇ 4ರಂದು ಪಟ್ಟಣ ಬಿತ್ತು. ಕುಡಿದವರು ಗೆದ್ದರು, ಕುಡಿಯದವರು ಸೋತರು ಎಂದು ಇದನ್ನು ಓದುವುದು ಮೂರ್ಖತನ. ಆದರೆ ಮದ್ಯದಿಂದ ಬರುವ ಹಣ ಬೇಡವೆಂದ ಸರ್ಕಾರ ಹೋಗಿ, ಆ ಹಣವನ್ನು ನೆಚ್ಚಿಕೊಳ್ಳುವ ಸರ್ಕಾರಗಳ ಕಾಲ ಶುರುವಾದದ್ದು ಅಲ್ಲಿಂದ. ಮೈಸೂರು ಸಂಸ್ಥಾನದ ದೊಡ್ಡ ಆದಾಯಗಳಲ್ಲಿ ಅಬಕಾರಿಯೂ ಒಂದಾಯಿತು. ಈಚಲು ಮರದ ಮೇಲೆ ಸರ್ಕಾರದ ನಂಬರು ಬಿತ್ತು, ಪಡಖಾನೆಗಳು ಹರಾಜಿಗೆ ಬಂದವು. 1939ರಲ್ಲಿ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳಿಗೆ ಕೊಡಲಿ ಹಾಕಿದ್ದು ಮರದ ಮೇಲಿನ ಸಿಟ್ಟಿನಿಂದಲ್ಲ, ಆ ಆದಾಯದ ಬುಡಕ್ಕೆ ಏಟು ಹಾಕಲು.

ಕಾಕಂಬಿಯ ದಾರಿ

ಕನ್ನಂಬಾಡಿ ಕಟ್ಟೆ ಮುಗಿದು, 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯಲ್ಲಿ, ಇವತ್ತಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ನೀರು ಹರಿಯಿತು. ಹುಲಿಕೆರೆಯ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಯ ಒಣಹೊಲಗಳಿಗೆ ಬಂತು. ಲಕ್ಷಕ್ಕೂ ಹೆಚ್ಚು ಎಕರೆಯ ಹಣೆಬರಹ ಬದಲಾಯಿತು. ರಾಗಿ ಹಿಂದೆ ಸರಿದು ಬತ್ತ, ಕಬ್ಬು ಮುಂದೆ ಬಂದವು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಹುಟ್ಟಿತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಹುಟ್ಟಿತು.

ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಅಂಟು ಕಾಕಂಬಿ. ಒಂದು ಟನ್ ಕಬ್ಬಿಗೆ ಸುಮಾರು 40–45 ಕೆ.ಜಿ. ಸಿಗುತ್ತದೆ, ಅದರಿಂದ ಹತ್ತು ಲೀಟರಿನಷ್ಟು ಮದ್ಯಸಾರ ಇಳಿಸಬಹುದು. ಕಾರ್ಖಾನೆಯ ಪಕ್ಕದಲ್ಲೇ ಡಿಸ್ಟಿಲರಿ ಬಂತು. ನನ್ನ ಲೆಕ್ಕದಲ್ಲಿ ಮಂಡ್ಯದ ಕುಡಿತದ ಚರಿತ್ರೆ ಇಬ್ಭಾಗವಾಗುವುದು ಇಲ್ಲಿ. ಹೆಂಡಕ್ಕೆ ಒಂದು ದಿನದ ಆಯಸ್ಸು. ಬಟ್ಟಿ ಇಳಿಸಿದ ಮದ್ಯಕ್ಕೆ ಸಾವೇ ಇಲ್ಲ. ಹೆಂಡದ ಅಮಲು ನೂರಕ್ಕೆ ನಾಲ್ಕೈದು; ಬಾಟಲಿಯ ವಿಸ್ಕಿ, ಬ್ರಾಂಡಿಯದು ನಲವತ್ತರ ಮೇಲೆ. ಪೀಪಾಯಿಯಲ್ಲಿ ಕೂಡಿಡಬಹುದು, ಲಾರಿಯಲ್ಲಿ ಕಳಿಸಬಹುದು, ಪ್ರತಿ ಲೀಟರಿಗೂ ಸುಂಕ ಹಾಕಬಹುದು. ಮಾರುವವನು ಊರಿನವನೇ ಆಗಬೇಕಿಲ್ಲ. ಸಂಜೆ ಕುಡಿದವನ ಮನೆ ಗೊತ್ತಿರುವವನು, ಅವನ ಹೆಂಡತಿ ಬಂದು ಬೈದರೆ ತಲೆ ತಗ್ಗಿಸುವವನು ಹೋಗಿ ಅಲ್ಲಿ ಗುತ್ತಿಗೆದಾರ ಕೂತ.

1948ರ ನಂತರ ಮೈಸೂರು ರಾಜ್ಯದಲ್ಲಿ ಹಂತಹಂತವಾಗಿ ಪಾನನಿರೋಧ ಬಂತು. ಆಲೆಮನೆಯ ಬೆಲ್ಲ ಎಲ್ಲೆಲ್ಲೂ ಸಿಗುವ ಸೀಮೆಯಲ್ಲಿ ಕಳ್ಳಬಟ್ಟಿಗೆ ಬೇಕಾದದ್ದೆಲ್ಲ ಮನೆಬಾಗಿಲಲ್ಲೇ ಇತ್ತು. 1967ರಲ್ಲಿ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ನಿರೋಧ ತೆಗೆದುಹಾಕಲಾಯಿತು. ಆಮೇಲಿನ ನಲವತ್ತು ವರ್ಷ ಸಾರಾಯಿಯದು. ಪ್ಲಾಸ್ಟಿಕ್ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿ ಹರಿದು ನಿಂತಲ್ಲೇ ಕುಡಿಯುವ ಗಂಡಸರನ್ನು ನೋಡುತ್ತಾ ಬೆಳೆದವರು ನಾವು. ಕಬ್ಬಿನ ಬಿಲ್ಲು ಬಂದ ದಿನ ಗಾಡಿಗಳು ಎಲ್ಲಿ ನಿಲ್ಲುತ್ತಿದ್ದವೆಂದು ಮನೆಯ ಹೆಂಗಸರಿಗೆ ಗೊತ್ತಿತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕಾಗಿ ಹೋರಾಡಿದ ಹೆಂಗಸರಿಗೆ ನಾನು ಕೈಮುಗಿಯುತ್ತೇನೆ. ಆದರೆ ಪ್ಯಾಕೆಟ್ ಹೋದ ಜಾಗಕ್ಕೆ ಬಂದದ್ದು ಮತ್ತಷ್ಟು ದುಬಾರಿಯ ಬಾಟಲಿ, ಕಾಗದದ ಡಬ್ಬಿ. ಈಗ ರಾಜ್ಯಕ್ಕೆ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮಿಕ್ಕಿ ಬರುತ್ತಿದೆ. ಮಂಡ್ಯ ಸೀಮೆಯ ಈಚಲು ಮರ ಮಾತ್ರ ಕಾನೂನಿನ ಭಯದಲ್ಲಿ ಒಣಗಿ ನಿಂತಿದೆ. ನೂರಕ್ಕೆ ನಾಲ್ಕು ಪಾಲಿನದು ಅಪರಾಧ, ನಲವತ್ತು ಪಾಲಿನದು ರಾಜ್ಯದ ಆದಾಯ ಎಂಬ ಈ ಲೆಕ್ಕ ನನಗೆ ಯಾವತ್ತೂ ಅರ್ಥವಾಗಿಲ್ಲ.

ಇತ್ತೀಚೆಗೆ ಅದೇ ಮದ್ಯಸಾರ ಎಥನಾಲ್ ಆಗಿ ಪೆಟ್ರೋಲಿಗೆ ಬೆರೆಯುತ್ತಿದೆ. 2025ರ ಹೊತ್ತಿಗೆ ದೇಶದಲ್ಲಿ ನೂರಕ್ಕೆ ಇಪ್ಪತ್ತು ಪಾಲು. ಹೆದ್ದಾರಿಯಲ್ಲಿ ಮದ್ದೂರು ದಾಟುವ ಕಾರುಗಳ ಹೊಟ್ಟೆಯಲ್ಲೂ ಕಬ್ಬಿನ ಹುಳಿ ಇದೆ.

ಬಿಯರ್ ಕೊಟ್ಟ ಅಳತೆಗೋಲು

ಹಾಗಾದರೆ ಬಿಯರ್ ಇಲ್ಲದಿದ್ದರೂ ಮಂಡ್ಯಕ್ಕೆ ಏನೂ ಆಗುತ್ತಿರಲಿಲ್ಲವೇ? ಹಾಗೆಂದುಕೊಂಡೇ ಈ ಲೇಖನಕ್ಕೆ ಕೈ ಹಾಕಿದ್ದೆ. ಮಂಡ್ಯದ ಹೊರವಲಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ನೆನಪಾದ ಮೇಲೆ ಮನಸ್ಸು ಬದಲಾಯಿತು.

ನಾಲೆಯ ನೀರು ನಿಂತೂ ನಿಂತೂ ಜೌಳಾಗಿ ಹೋದ ಗದ್ದೆಯ ಮಣ್ಣನ್ನು ರೈತನೊಬ್ಬ ಚೀಲದಲ್ಲಿ ತುಂಬಿ ಮಣ್ಣು ಪರೀಕ್ಷೆಗೆ ಒಯ್ದರೆ ಮೊದಲು ನೋಡುವುದು ಅದರ ಪಿಎಚ್. ಹುಳಿಯನ್ನೂ ಕ್ಷಾರವನ್ನೂ ಅಳೆಯುವ ಆ ಮಾನವನ್ನು 1909ರಲ್ಲಿ ರೂಪಿಸಿದವರು ಸೋರೆನ್ ಸೋರೆನ್ಸೆನ್, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ಎರಡು ತಳಿಗಳನ್ನು ಅಕ್ಕಪಕ್ಕದ ತಾಕುಗಳಲ್ಲಿ ಬೆಳೆದು, ಇಳುವರಿಯ ವ್ಯತ್ಯಾಸ ತಳಿಯದೋ ಬರೀ ಆಕಸ್ಮಿಕವೋ ಎಂದು ತೀರ್ಮಾನಿಸಲು ಕೃಷಿ ವಿಜ್ಞಾನಿಗಳು ಬಳಸುವ ಟಿ-ಪರೀಕ್ಷೆ 1908ರದು. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ ಅದನ್ನು 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದರು. ಕೆಲವೇ ಮಾದರಿಗಳಿಂದ ನಂಬಬಹುದಾದ ತೀರ್ಮಾನಕ್ಕೆ ಬರುವ ದಾರಿ ಅವರಿಗೆ ಬೇಕಿತ್ತು. ಲೂಯಿ ಪಾಶ್ಚರ್ 1876ರಲ್ಲಿ ಬಿಯರ್ ಕೆಡುವುದೇಕೆಂದು ಒಂದು ಗ್ರಂಥವನ್ನೇ ಬರೆದರು. ಸೂಕ್ಷ್ಮಜೀವಿಗಳ ವಿಜ್ಞಾನಕ್ಕೆ ಅದೂ ಒಂದು ಮೆಟ್ಟಿಲು. ಕಾರ್ಲ್ ಫಾನ್ ಲಿಂಡೆಯ ಶೀತಲಯಂತ್ರಕ್ಕೆ ಮೊದಲ ಗಿರಾಕಿಗಳು ಬಿಯರ್ ಕಂಪನಿಯವರು. ಹುದುಗಿನ ಗಡಿಗೆಯನ್ನು ಕಾಯುತ್ತಾ ಕೂತವರು ಜಗತ್ತಿಗೆ ಅಳೆಯುವುದನ್ನು ಕಲಿಸಿದರು. ಬಿಯರ್ ಇಲ್ಲದ ಚರಿತ್ರೆಯಲ್ಲಿ ನನಗೆ ನಿಜವಾಗಿ ಖಾಲಿಯಾಗಿ ಕಾಣುವ ಜಾಗ ಇದು. ಪಿರಮಿಡ್ ಹೇಗೋ ಎದ್ದು ನಿಲ್ಲುತ್ತಿತ್ತು.

ವಿ.ಸಿ. ಫಾರಂ ನೆನೆದಾಗ ಅಲ್ಲಿನ ರಾಗಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರನ್ನು ನೆನೆಯದೆ ಇರಲಾಗದು. ರೈತರ ಬಾಯಲ್ಲಿ ಅವರು ರಾಗಿ ಲಕ್ಷ್ಮಣಯ್ಯ. ಅರುಣಾ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂದು ತಳಿಯ ಮೇಲೆ ತಳಿ ಕೊಟ್ಟವರು. ರಾಗಿಯ ಹೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು, ತನ್ನೊಳಗೆ ತಾನೇ ಪರಾಗಸ್ಪರ್ಶ ಮುಗಿಸಿಕೊಳ್ಳುವಂಥದ್ದು. ಎರಡು ತಳಿಗಳನ್ನು ಬೆರೆಸಲು ಅಪಾರ ತಾಳ್ಮೆ ಬೇಕು. ಅವರು ಬೆರೆಸಿದ್ದು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯ ಜತೆ. ಗಟ್ಟಿ ಕಡ್ಡಿ, ದಪ್ಪ ತೆನೆ, ರೋಗಕ್ಕೆ ಬಗ್ಗದ ಗುಣ ಅಲ್ಲಿಂದ ಬಂತು. ಇಂಡಿಯಾದ ಮೊದಲ ಅಕ್ಷರಗಳನ್ನೂ ಆಫ್ರಿಕದ ಮೊದಲ ಅಕ್ಷರಗಳನ್ನೂ ಕೂಡಿಸಿ 'ಇಂಡಾಫ್' ಎಂದು ಹೆಸರಿಟ್ಟರು. 1970ರ ದಶಕದಿಂದ ಇಂಡಾಫ್ ತಳಿಗಳು ಒಂದೊಂದಾಗಿ ಹೊಲಕ್ಕೆ ಬಂದವು. ರಾಗಿಯ ಇಳುವರಿಯ ಲೆಕ್ಕವೇ ಬದಲಾಯಿತು.

ಸಾವಿರಾರು ವರ್ಷಗಳ ಹಿಂದೆ ದಾರಿ ಕವಲೊಡೆದು, ಒಂದು ಗಡಿಗೆಯ ಕಡೆಗೂ ಇನ್ನೊಂದು ಮುದ್ದೆಯ ಕಡೆಗೂ ಹೋದ ಎರಡು ರಾಗಿಗಳು ಮತ್ತೆ ಸೇರಿದ್ದು ಮಂಡ್ಯದ ಒಂದು ಸರ್ಕಾರಿ ತಾಕಿನಲ್ಲಿ.

ನಮ್ಮ ಹೊಲಕ್ಕೂ ಆ ಬೀಜ ಬಂದಿತ್ತು. ಅಪ್ಪ ಅದನ್ನು 'ಇಂಡಾಪು' ಎನ್ನುತ್ತಿದ್ದರು. ಅಜ್ಜಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಗೂಟಕ್ಕೆ ನೇತುಹಾಕುತ್ತಿದ್ದುದು ಆ ರಾಗಿಯನ್ನೇ.